ಗುಜರಿ ಸಂತೆಯಲ್ಲಿ ಒಂದು ಭಾನುವಾರ

ಭಾನುವಾರ ನಸುಕಿನ ಐದು ಗಂಟೆಗೆ ಒಬ್ಬ ಗುರು ಎಲ್ಲಿರಬೇಕು ಎಂದು ಕೇಳಿದರೆ ನಮ್ಮ ಧರ್ಮಕೇಂದ್ರದ ಚಿಕ್ಕ ಮಕ್ಕಳೂ ಉತ್ತರ ಹೇಳಿಯಾರು. ಆದರೆ 2023ರ ಜುಲೈ 30ರ ಭಾನುವಾರ ಆ ಹೊತ್ತಿನಲ್ಲಿ ನಾನಿದ್ದದ್ದು ಬೆಂಗಳೂರಿನ ಅವೆನ್ಯೂ ರಸ್ತೆಯೂ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯೂ ಕೂಡುವ ಕಡೆ, ತುಂತುರು ಮಳೆಯಲ್ಲಿ, ಕೈಯಲ್ಲೊಂದು ಟಾರ್ಚು ಹಿಡಿದು, ಯಾರೋ ಬಳಸಿ ಬಿಟ್ಟ ಮಿಕ್ಸಿಗಳ ರಾಶಿಯ ಮುಂದೆ. ಮೊದಲನೆಯ ಬಲಿಪೂಜೆಯನ್ನು ಸಹಾಯಕ ಗುರುಗಳು ವಹಿಸಿಕೊಂಡಿದ್ದರು. ನನ್ನದು ಒಂಬತ್ತು ಗಂಟೆಯದು.

ಇದಕ್ಕೆ ಕಾರಣ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆ. 1833ರಲ್ಲಿ ಪ್ಯಾರಿಸ್ ನಗರದಲ್ಲಿ ಇಪ್ಪತ್ತರ ಹರೆಯದ ವಿದ್ಯಾರ್ಥಿ ಫ್ರೆಡ್ರಿಕ್ ಓಜನಾಮ್ ಮತ್ತವರ ಗೆಳೆಯರು ಆರಂಭಿಸಿದ ಈ ಸಭೆ ನಮ್ಮ ಧರ್ಮಕೇಂದ್ರದಲ್ಲಿಯೂ ಇದೆ. ಬಡ ಮಕ್ಕಳ ಶಾಲಾ ಶುಲ್ಕಕ್ಕೆಂದು ವರ್ಷಕ್ಕೊಮ್ಮೆ ಹಳೆಯ ಸಾಮಾನುಗಳ ಮಾರಾಟ ನಡೆಸುವುದು ವಾಡಿಕೆ. ಮನೆಮನೆಗಳಿಂದ ಬೇಡವಾದ ವಸ್ತುಗಳನ್ನು ಸಂಗ್ರಹಿಸಿ, ಒರೆಸಿ ಒಪ್ಪಮಾಡಿ, ದೇವಾಲಯದ ಅಂಗಳದಲ್ಲಿ ಮಾರುವುದು. ಆ ವರ್ಷ ಬಂದದ್ದೇನೆಂದರೆ ಬೀಗ ಕಿತ್ತ ಸೂಟ್‌ಕೇಸುಗಳು, ಮುಚ್ಚಳವಿಲ್ಲದ ಫ್ಲಾಸ್ಕುಗಳು, ಮೂರು ಕಾಲಿನ ಒಂದು ಕುರ್ಚಿ. ಬೇಡವಾದುದನ್ನು ಕೊಡಿ ಎಂದು ಪ್ರಬೋಧನೆಯಲ್ಲಿ ಕೇಳಿಕೊಂಡವನು ನಾನೇ ಆದುದರಿಂದ ಯಾರನ್ನೂ ದೂರುವಂತಿರಲಿಲ್ಲ.

ಆಗ ಸಭೆಯ ಸದಸ್ಯರೊಬ್ಬರು ಒಂದು ಸಲಹೆ ಕೊಟ್ಟರು. ಅವರು ಹಳೆಯ ಸಾಮಾನಿನ ವ್ಯಾಪಾರಿ, ಅರವತ್ತರ ಆಸುಪಾಸಿನವರು. ಹೆಸರು ಬರೆಯಬೇಡಿ ಎಂದಿದ್ದಾರೆ. ಗೆಳೆಯರು ಎಂದೇ ಕರೆಯುತ್ತೇನೆ. "ಹದಿನೈದು ಸಾವಿರ ಕೊಡಿ ಫಾದರ್. ಸಂಡೇ ಬಜಾರ್‌ನಲ್ಲಿ ಮಾಲು ಎತ್ತೋಣ. ನಾನು ರಿಪೇರಿ ಮಾಡ್ತೀನಿ, ನೀವು ಮಾರಿ" ಎಂದರು. ನಾನೂ ಬರುತ್ತೇನೆ ಎಂದೆ. ಹಾಗೆ ಹೇಳಲು ಒಂದು ಹಳೆಯ ಬಾಕಿಯೂ ಕಾರಣವಾಗಿತ್ತು. ಈ ಧರ್ಮಕೇಂದ್ರಕ್ಕೆ ಬಂದ ಹೊಸತರಲ್ಲಿ, ಭಾನುವಾರ ದೇವಾಲಯ ಬಿಟ್ಟು ವ್ಯಾಪಾರಕ್ಕೆ ಹೋಗುವವರನ್ನು ಕುರಿತು ಖಾರವಾಗಿ ಪ್ರಬೋಧಿಸಿದ್ದೆ. ಎದುರಿನ ಸಾಲಿನಲ್ಲಿದ್ದ ಅವರ ಮಡದಿ ತಲೆ ತಗ್ಗಿಸಿದ್ದನ್ನು ಕಂಡೂ ಇದ್ದೆ. ಅವರು ತಪ್ಪದೆ ಶನಿವಾರ ಸಂಜೆಯ ಪೂಜೆಗೆ ಬಂದು, ಧರ್ಮಸಭೆಯ ಕಾನೂನು ಒಪ್ಪುವಂತೆಯೇ ಭಾನುವಾರದ ಕರ್ತವ್ಯವನ್ನು ಸಲ್ಲಿಸಿ, ಹಿಂದಿನ ಕಂಬದ ಮರೆಯಲ್ಲಿ ನಿಂತು ಹೋಗುತ್ತಿದ್ದರೆಂಬುದು ನನಗೆ ತಿಳಿದದ್ದು ಎರಡು ವರ್ಷಗಳ ನಂತರ. ಅವರಾಗಿ ಒಂದು ಮಾತನ್ನೂ ಆಡಿರಲಿಲ್ಲ.

ವಾರದ ದಿನಗಳಲ್ಲಿ ಆ ರಸ್ತೆಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಭಾನುವಾರ ಅಂಗಡಿಗಳ ಬಾಗಿಲು ಮುಚ್ಚಿರುತ್ತವೆ. ಆ ಮುಚ್ಚಿದ ಬಾಗಿಲುಗಳ ಮುಂದೆ ಈ ಸಂತೆ ಬಿಚ್ಚಿಕೊಳ್ಳುತ್ತದೆ. ನೆಲದ ಮೇಲೆ ಪ್ಲಾಸ್ಟಿಕ್ ಹಾಳೆ, ಹಳೆಯ ಬೆಡ್‌ಶೀಟು, ಗೋಣಿಚೀಲ. ಅದರ ಮೇಲೆ ಇಲ್ಲದ ವಸ್ತುವಿಲ್ಲ. ಸ್ಪ್ಯಾನರುಗಳು, ಟಿ.ವಿ. ರಿಮೋಟುಗಳು, ಮರ್ಫಿ ರೇಡಿಯೊ, ಇದ್ದಲಿನ ಇಸ್ತ್ರಿ ಪೆಟ್ಟಿಗೆ, ಹಿತ್ತಾಳೆಯ ಸೌಟು, ಯಾರದೋ ಮದುವೆಯ ಫೋಟೊ ಇನ್ನೂ ಒಳಗಿರುವ ಚೌಕಟ್ಟು. ಜನ ಇದನ್ನು ಚೋರ್ ಬಜಾರ್ ಎಂದೂ ಕರೆಯುತ್ತಾರೆ. ಆ ಹೆಸರು ನನ್ನನ್ನು ಕಾಡುತ್ತಿತ್ತು. ಕೇಳಿದಾಗ ಗೆಳೆಯರು, "ಮೊಬೈಲ್ ಮುಟ್ಟಲ್ಲ ಫಾದರ್. ಎಲ್ಲಿಂದ ಬಂತು ಅಂದ್ರೆ ಉತ್ತರ ಹೇಳದವನ ಹತ್ತಿರ ಏನೂ ತಗೊಳ್ಳಲ್ಲ. ಮೂವತ್ತು ವರ್ಷದಲ್ಲಿ ಒಂದು ಸಲವೂ ಸ್ಟೇಷನ್ ಮೆಟ್ಟಿಲು ಹತ್ತಿಲ್ಲ" ಎಂದರು.

ನಿಜವಾದ ವ್ಯಾಪಾರ ನಡೆಯುವುದು ಬೆಳಕು ಹರಿಯುವ ಮುನ್ನ. ಅದು ವ್ಯಾಪಾರಿ ವ್ಯಾಪಾರಿಗೆ ಮಾರುವ ಹೊತ್ತು. ಎಂಟು ಗಂಟೆಯ ಮೇಲೆ ಬರುವವರು ನೋಡುವವರು, ಫೋಟೊ ತೆಗೆಯುವವರು. ಗೆಳೆಯರ ಜೇಬಿನಲ್ಲಿ ಒಂದು ಅಯಸ್ಕಾಂತ, ಚೀಲದಲ್ಲಿ ಎರಡು ಸೆಲ್ಲು ಮತ್ತು ಒಂದು ಚಿಕ್ಕ ಬಲ್ಬು ಜೋಡಿಸಿದ ತಂತಿ. ಅಯಸ್ಕಾಂತ ಅಂಟಿದರೆ ಅದು ಹಿತ್ತಾಳೆಯಲ್ಲ, ಬಣ್ಣ ಹಾಕಿದ ಕಬ್ಬಿಣ. ಮಿಕ್ಸಿಯ ಪ್ಲಗ್ಗಿಗೆ ತಂತಿ ತಾಗಿಸಿದಾಗ ಬಲ್ಬು ಹೊತ್ತಿದರೆ ಒಳಗಿನ ಸುರುಳಿ ಕಡಿದುಹೋಗಿಲ್ಲ. ಆಮೇಲೆ ಮೂಸಿ ನೋಡಬೇಕು, ಸುಟ್ಟ ವಾಸನೆ ಇರಬಾರದು. ಹೊಲಿಗೆ ಯಂತ್ರದ ಚಕ್ರವನ್ನು ಕೈಯಿಂದ ತಿರುಗಿಸಿ ಕಣ್ಣು ಮುಚ್ಚಿ ಕೇಳಬೇಕು. ಫಳಫಳ ಹೊಳೆಯುವ ಕೊಂಬಿನ ಗ್ರಾಮೊಫೋನಿನ ಹತ್ತಿರವೂ ಹೋಗಬಾರದು. ಅದು ಇತ್ತೀಚೆಗೆ ಹುಟ್ಟಿದ ಹಳೆಯ ವಸ್ತು. ಗುರುಮಠದಲ್ಲಿ ನಮಗೆ ವಿವೇಚನೆಯ ಬಗ್ಗೆ ಪಾಠ ಹೇಳಿದವರು ಇಷ್ಟು ಸ್ಪಷ್ಟವಾಗಿ ಹೇಳಿರಲಿಲ್ಲವೆಂದು ನಗುತ್ತಾ ಅಂದುಕೊಂಡೆ. ಚೌಕಾಸಿಯಲ್ಲಿ ಅವರು ನಿರ್ದಯಿ. ಆರು ಮಿಕ್ಸಿಗೆ ಮೂರು ಸಾವಿರ ಎಂದವನನ್ನು ಬೋಣಿಯ ಹೊತ್ತೆಂದು ಹೇಳಿ ಹೇಳಿ ಸಾವಿರದ ಎಂಟುನೂರಕ್ಕೆ ಇಳಿಸಿದರು. ಅವನೂ ನಕ್ಕ, ಇವರೂ ನಕ್ಕರು.

ಆದರೆ ಸ್ವಲ್ಪ ಮುಂದೆ ಬೇರೊಂದು ದೃಶ್ಯ ಕಂಡೆ. ಗೋಡೆಗೊರಗಿ ನಿಂತಿದ್ದ ಹಿರಿಯರೊಬ್ಬರ ಅಂಗೈಯಲ್ಲಿ ಒಂದೇ ಒಂದು ಕೈಗಡಿಯಾರ. ಎಚ್.ಎಂ.ಟಿ. ಜನತಾ. ನಮ್ಮ ಧರ್ಮಕೇಂದ್ರದಲ್ಲಿ ಆ ಕಾರ್ಖಾನೆಯ ಅನ್ನ ಉಂಡ ಮನೆಗಳು ಎಷ್ಟೋ ಇವೆ. 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಕೈಗಡಿಯಾರದ ಘಟಕ, 2016ರಲ್ಲಿ ಕೇಂದ್ರ ಸರ್ಕಾರ ಮುಚ್ಚಲು ತೀರ್ಮಾನಿಸಿದಾಗ ನನ್ನ ಮುಂದೆ ಕುಳಿತು ಅತ್ತ ನಿವೃತ್ತರಿದ್ದಾರೆ. ಮುಚ್ಚಿದ ಮೇಲೆ ಸಂಗ್ರಹಕಾರರ ಕಣ್ಣು ಬಿದ್ದು ಹಳೆಯ ಗಡಿಯಾರಗಳಿಗೆ ಬೆಲೆ ಬಂತು; ಬೆಲೆ ಬಂದ ಹಿಂದೆಯೇ ನಕಲಿಯೂ ಬಂತು. ಯಾವುದೋ ಮುಖಫಲಕಕ್ಕೆ ಬಣ್ಣ ಬಳಿದು, ಯಾವುದೋ ಯಂತ್ರಕ್ಕೆ ಕೂಡಿಸಿ ಮಾರುತ್ತಾರೆ. ಗೆಳೆಯರು ಹಿಂಬದಿಯ ಮುಚ್ಚಳ ಬಿಚ್ಚಿ, ಭೂತಗನ್ನಡಿ ಹಿಡಿದು, ಅಕ್ಷರಗಳ ಅಂಚು ನೋಡಿದರು. ಆ ಹಿರಿಯರು ಮುನ್ನೂರು ಕೇಳಿದರು.

"ಯಾರದ್ದು ಯಜಮಾನ್ರೆ?"

"ನನ್ನದೇ. ಮದುವೇಲಿ ಮಾವ ಕೊಟ್ಟಿದ್ದು."

"ಇದು ಒರಿಜಿನಲ್. ಮುನ್ನೂರಕ್ಕೆ ಯಾರಿಗೂ ಕೊಡಬೇಡಿ. ನಾನು ಎರಡು ಸಾವಿರದವರೆಗೆ ಮಾರಬಹುದು, ನಿಮಗೆ ಸಾವಿರದ ನಾನೂರು ಕೊಡ್ತೀನಿ. ಇನ್ನೂ ನಾಲ್ಕು ಜನರ ಹತ್ತಿರ ಕೇಳಿ ಬೇಕಾದ್ರೆ ಬನ್ನಿ."

ಆ ಹಿರಿಯರು ಯಾರ ಹತ್ತಿರವೂ ಕೇಳಲು ಹೋಗಲಿಲ್ಲ. ಹಣ ಎಣಿಸಿಕೊಂಡು, ಬಿಚ್ಚಿದ್ದ ಪಟ್ಟಿಯ ಬಿಳಿ ಗುರುತನ್ನು ಮಣಿಕಟ್ಟಿನ ಮೇಲೆ ಒಮ್ಮೆ ಸವರಿಕೊಂಡು ಹೊರಟರು. ಮಿಕ್ಸಿಯವನನ್ನು ಅಷ್ಟು ಹಿಂಡಿದವರು ಇಲ್ಲೇಕೆ ಹೀಗೆ ಎಂದು ಕೇಳಿದೆ. "ಅವನು ವ್ಯಾಪಾರಿ ಫಾದರ್. ನಾಳೆ ನನ್ನನ್ನ ಅವನು ಹಿಂಡ್ತಾನೆ. ಇವರು ಮನೆಯವರು. ಮನೆ ಸಾಮಾನು ಬೀದಿಗೆ ತಂದವರ ಹತ್ತಿರ ಚೌಕಾಸಿ ಮಾಡಿದ್ರೆ ದಕ್ಕಲ್ಲ." ಇಷ್ಟು ಹೇಳಿ ಹೊಲಿಗೆ ಯಂತ್ರವೊಂದನ್ನು ನೋಡಲು ಬಗ್ಗಿದರು.

ಈ ಮಾತು ಕೇಳಿದ ಅರ್ಧ ಗಂಟೆಯೊಳಗೆ ನಾನು ಮಾಡಿದ ಕೆಲಸವನ್ನು ಹೇಳಬೇಕಾಗಿದೆ.

ಗೆಳೆಯರು ಲಗೇಜ್ ಆಟೋಗೆ ಸಾಮಾನು ತುಂಬಿಸುತ್ತಿದ್ದಾಗ ನಾನೊಬ್ಬನೇ ಅಡ್ಡಾಡುತ್ತಿದ್ದೆ. ಒಂದು ಮೂಲೆಯಲ್ಲಿ ಎಪ್ಪತ್ತರ ಹತ್ತಿರದ ತಾಯಿಯೊಬ್ಬರು ಹಳೆಯ ಸೀರೆ ಹಾಸಿ ಕುಳಿತಿದ್ದರು. ಒಂದು ಗೋಡೆ ಗಡಿಯಾರ, ಎರಡು ಕನ್ನಡಕ, ಊರುಗೋಲು, ಮತ್ತು ಪ್ಲಾಸ್ಟಿಕ್ ಹೊದಿಸಿದ ಪುಸ್ತಕಗಳು. ಪುಸ್ತಕ ಕಂಡರೆ ನನ್ನ ಕಾಲು ನಿಲ್ಲುತ್ತದೆ. ಶಾಲಾ ವ್ಯಾಕರಣಗಳ ಕೆಳಗೆ, ರಟ್ಟು ಕಳಚಿಹೋದ, ಇಟ್ಟಿಗೆಯಷ್ಟು ದಪ್ಪದ ಒಂದು ಗ್ರಂಥ. ಮೇಲಿನ ಹಾಳೆ ತಿರುಗಿಸಿದೆ. ಮಂಗಳೂರು, 1894. ಕಿಟ್ಟೆಲ್ ನಿಘಂಟು, ಮೊದಲ ಮುದ್ರಣ.

ಓದುಗರಲ್ಲಿ ಕೆಲವರಿಗಾದರೂ ಇದರ ಮಹತ್ವ ಗೊತ್ತಿರುತ್ತದೆ. 1832ರಲ್ಲಿ ಜರ್ಮನಿಯಲ್ಲಿ ಹುಟ್ಟಿ, 1853ರಲ್ಲಿ ಬಾಸೆಲ್ ಮಿಷನ್ನಿನ ಸೇವೆಗೆಂದು ನಮ್ಮ ನಾಡಿಗೆ ಬಂದ ಫರ್ಡಿನಾಂಡ್ ಕಿಟ್ಟೆಲ್, ಹಲವು ದಶಕಗಳ ದುಡಿಮೆಯಿಂದ ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟನ್ನು ಕಟ್ಟಿಕೊಟ್ಟರು. ಅವರು ನಮ್ಮ ಕಥೋಲಿಕ ಸಭೆಯವರಲ್ಲ. ಆದರೆ ಕನ್ನಡದಲ್ಲಿ ಪ್ರಬೋಧಿಸುವ ಯಾವ ಗುರುವೂ ಅವರಿಗೆ ಋಣಿ. ಮುಂದೆ ಬಂದ ಮರುಮುದ್ರಣಗಳು ನನ್ನಲ್ಲಿದ್ದವು. ಮೊದಲ ಮುದ್ರಣವನ್ನು ಗಾಜಿನ ಕಪಾಟಿನಾಚೆಗೆ ಮಾತ್ರ ಕಂಡಿದ್ದೆ. ಎದೆ ಡವಗುಟ್ಟಿತು. ಆದರೆ ಮುಖದಲ್ಲಿ ಏನನ್ನೂ ತೋರಿಸಲಿಲ್ಲ. ಇದನ್ನು ನನಗೆ ಯಾರೂ ಕಲಿಸಿರಲಿಲ್ಲ, ತಾನಾಗಿಯೇ ಬಂತು.

"ಎಷ್ಟಮ್ಮ ಇದು?"

"ಇನ್ನೂರು ಕೊಡಿ ಸಾರ್. ನಮ್ಮ ಯಜಮಾನ್ರು ಮೇಷ್ಟ್ರು. ಇದನ್ನ ಯಾರನ್ನೂ ಮುಟ್ಟೋಕೆ ಬಿಡ್ತಿರಲಿಲ್ಲ."

"ರಟ್ಟೇ ಇಲ್ಲವಲ್ಲ. ಹುಳ ಬೇರೆ ಹಿಡಿದಿದೆ. ನೂರು ಮಾಡಿಕೊಳ್ಳಿ."

ನೂರ ಇಪ್ಪತ್ತಕ್ಕೆ ಮಾತು ಮುಗಿಯಿತು. ಸಭೆಯ ಹಣ ಮುಟ್ಟಲಿಲ್ಲ, ನನ್ನ ಜೇಬಿನಿಂದಲೇ ಕೊಟ್ಟೆ. ಆಟೋ ಹೊರಟ ಮೇಲೆ ಚಿಕ್ಕ ಹುಡುಗನಂತೆ ಪುಸ್ತಕ ಬಿಚ್ಚಿ ತೋರಿಸಿ, ಇದು ಎಂತಹ ನಿಧಿ ಗೊತ್ತೇ ಎಂದು ಗೆಳೆಯರಿಗೆ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು. "ಎಷ್ಟಕ್ಕೆ ಕೊಟ್ರು?" ಎಂದರು. ಹೇಳಿದೆ. ಟೌನ್‌ಹಾಲ್ ದಾಟುವವರೆಗೆ ಮಾತಿಲ್ಲ. ಆಮೇಲೆ ರಸ್ತೆಯನ್ನೇ ನೋಡುತ್ತಾ, "ಆಯಮ್ಮ ವ್ಯಾಪಾರದವರಲ್ಲ ಅಂತ ಗೊತ್ತಾಗಲಿಲ್ವಾ ಫಾದರ್?" ಎಂದರು.

ಆ ದಿನ ಸಾಧಾರಣ ಕಾಲದ 17ನೆಯ ಭಾನುವಾರ. ಶುಭಸಂದೇಶ ಮತ್ತಾಯನದು, ಹೊಲದಲ್ಲಿ ಹುದುಗಿದ್ದ ನಿಧಿಯ ಸಾಮತಿ ಮತ್ತು ಮುತ್ತಿನ ವರ್ತಕನ ಸಾಮತಿ. ಪ್ರಬೋಧನೆಯನ್ನು ಶುಕ್ರವಾರವೇ ಬರೆದಿಟ್ಟಿದ್ದೆ. ನಿಧಿ ಕಂಡವನು ಅದನ್ನು ಮತ್ತೆ ಮುಚ್ಚಿಟ್ಟು, ಒಡೆಯನಿಗೆ ಹೇಳದೆ ಹೊಲ ಕೊಂಡನೆಂಬ ಭಾಗವನ್ನು ನಾನು ಎಂದಿನಂತೆ ಒಂದೇ ವಾಕ್ಯದಲ್ಲಿ ದಾಟಿದ್ದೆ. ಸ್ವರ್ಗಸಾಮ್ರಾಜ್ಯಕ್ಕಾಗಿ ಎಲ್ಲವನ್ನೂ ಮಾರಿದ ಆನಂದವೇ ಆ ಸಾಮತಿಯ ತಿರುಳು, ಮುಚ್ಚಿಟ್ಟ ಜಾಣತನವಲ್ಲವೆಂದು ವ್ಯಾಖ್ಯಾನಕಾರರು ಹೇಳುವುದು ಸರಿಯೇ. ಆದರೆ ಆ ಬೆಳಗ್ಗೆ ಆ ವಾಕ್ಯಕ್ಕೆ ಬಂದಾಗ ನಾಲಿಗೆ ತಡವರಿಸಿತು. ಹಾಳೆಯಲ್ಲಿ ಎಲ್ಲಿದ್ದೆನೆಂದು ತಿಳಿಯದೆ ಕ್ಷಣಕಾಲ ನಿಂತೆ. ನಿದ್ದೆಗೆಟ್ಟಿದ್ದರಿಂದ ಹೀಗಾಯಿತೆಂದು ಜನ ಭಾವಿಸಿದರು. ಕೆಲವರು ಬಂದು ಆರೋಗ್ಯ ವಿಚಾರಿಸಿದರು.

ಸಂಜೆ ನನ್ನ ಪರವಾಗಿ ವಾದಿಸಲು ಕುಳಿತೆ. ಬೆಲೆ ಹೇಳಿದವರು ಅವರು. ನಾನು ಸುಳ್ಳಾಡಲಿಲ್ಲ, ರಟ್ಟು ನಿಜಕ್ಕೂ ಇರಲಿಲ್ಲ. ಬರ ಬಿದ್ದ ಊರಿಗೆ ಗೋಧಿ ತಂದ ವರ್ತಕ, ಹಿಂದೆ ಇನ್ನೂ ಗೋಧಿ ಬರುತ್ತಿದೆಯೆಂದು ಹೇಳದೆ ಆಗಿನ ಬೆಲೆಗೇ ಮಾರಿದರೆ ಅನ್ಯಾಯವಲ್ಲವೆಂದು ಸಂತ ತೋಮಸ್ ಅಕ್ವಿನಾಸರೇ ಬರೆದಿದ್ದಾರಲ್ಲವೇ? ಆ ಮಾತನ್ನು ಆಧಾರವಾಗಿ ಹಿಡಿಯೋಣವೆಂದು ಗ್ರಂಥ ತೆಗೆದೆ. ಎರಡನೆಯ ಭಾಗದ ಎರಡನೆಯ ಖಂಡ, 77ನೆಯ ಪ್ರಶ್ನೆ. ಗೋಧಿಯ ವರ್ತಕ ಅಲ್ಲಿದ್ದ. ಹೇಳಿದ್ದರೆ ಇನ್ನೂ ಹೆಚ್ಚಿನ ಸದ್ಗುಣವೆಂಬ ಮಾತೂ ಅಲ್ಲೇ ಇತ್ತು. ಆದರೆ ಅದಕ್ಕೂ ಮೊದಲೇ, ನಾನು ಗುರುಮಠದಲ್ಲಿ ಪರೀಕ್ಷೆಗೆಂದು ಓದಿ ಮರೆತಿದ್ದ ಒಂದು ಭಾಗ ಸಿಕ್ಕಿತು. ಮಾರುವವನು ತಿಳಿಯದೆ ಚಿನ್ನವನ್ನು ತಾಮ್ರವೆಂದು ಕೊಟ್ಟರೆ, ಕೊಳ್ಳುವವನಿಗೆ ಅದು ಗೊತ್ತಿದ್ದರೆ, ಆ ಕೊಳ್ಳುವಿಕೆ ಅನ್ಯಾಯ, ಅವನು ಅದನ್ನು ಸರಿಪಡಿಸಿಕೊಡಲು ಬದ್ಧ. ಅಗ್ಗಕ್ಕೆ ಕೊಳ್ಳಬೇಕು, ದುಬಾರಿಗೆ ಮಾರಬೇಕು ಎಂಬುದೇ ಎಲ್ಲರ ಬಯಕೆಯೆಂದು ಹೇಳಿದ ವಿದೂಷಕನ ಪ್ರಸಂಗವನ್ನು ಅವರು ಸಂತ ಅಗಸ್ಟೀನರಿಂದ ಎತ್ತಿಕೊಂಡಿದ್ದಾರೆ. ಅಗಸ್ಟೀನರು ಪರಮ ತ್ರಿತ್ವವನ್ನು ಕುರಿತ ಗ್ರಂಥದ 13ನೆಯ ಪುಸ್ತಕದಲ್ಲಿ ಆ ವಿದೂಷಕನನ್ನು ಅಲ್ಲಗಳೆಯಲು ತಮಗೆ ಗೊತ್ತಿದ್ದ ಒಬ್ಬ ಮನುಷ್ಯನ ವಿಷಯ ಹೇಳುತ್ತಾರೆ. ಯಾರೋ ಅವನಿಗೆ ಒಂದು ಹಸ್ತಪ್ರತಿಯನ್ನು ಮಾರಲು ತಂದರು. ಮಾರುವವನಿಗೆ ಅದರ ಬೆಲೆ ತಿಳಿಯದು, ಅಲ್ಪ ಹಣ ಕೇಳಿದ. ಕೊಳ್ಳುವವನು, ಅವನು ನಿರೀಕ್ಷಿಸದಿದ್ದಷ್ಟು ಹೆಚ್ಚಿನ ನ್ಯಾಯವಾದ ಬೆಲೆಯನ್ನು ತಾನಾಗಿ ಕೊಟ್ಟ.

ಪುಸ್ತಕವೇ! ಹದಿನಾರು ಶತಮಾನಗಳ ಹಿಂದಿನ ಆ ಉದಾಹರಣೆ ಪುಸ್ತಕದ್ದೇ ಆಗಿರಬೇಕೇ? ನನಗೆ ಸಿಟ್ಟೇ ಬಂತು. ಕೊಳ್ಳುವಾಗ ಕೆಟ್ಟದ್ದು ಕೆಟ್ಟದ್ದು ಎಂದು ಹೀಗಳೆದು, ಆಚೆ ಹೋಗಿ ಜಂಬ ಕೊಚ್ಚಿಕೊಳ್ಳುವವನೊಬ್ಬ ಜ್ಞಾನೋಕ್ತಿಗಳಲ್ಲಿಯೂ ಬರುತ್ತಾನೆ. ಅದನ್ನು ಆಟೋದಲ್ಲಿ ಕುಳಿತು ಅಕ್ಷರಶಃ ನೆರವೇರಿಸಿದ್ದೆ.

ಮರುದಿನ, ಗುರುಮಠದ ದಿನಗಳಿಂದ ಪರಿಚಯವಿದ್ದ ಹಳೆಯ ಪುಸ್ತಕದ ವ್ಯಾಪಾರಿಯೊಬ್ಬರಿಗೆ ಅದನ್ನು ತೋರಿಸಿದೆ. ರಟ್ಟು ಇಲ್ಲದಿದ್ದರೂ ಸರಿ, ಎಂಟು ಸಾವಿರಕ್ಕೆ ಈಗಲೇ ಕೊಳ್ಳುತ್ತೇನೆಂದರು. ನನ್ನ ಖರ್ಚಿನ ಹಣದಿಂದ ಎಂಟು ಸಾವಿರ ತೆಗೆದು ಲಕೋಟೆಗೆ ಹಾಕಿದೆ. ಮುಂದಿನ ಭಾನುವಾರ ಹೋದಾಗ ಆ ಮೂಲೆಯಲ್ಲಿ ಚಪ್ಪಲಿ ಮಾರುವವನೊಬ್ಬ ಕುಳಿತಿದ್ದ. ಅಲ್ಲಿ ಯಾರ ಜಾಗವೂ ಖಾಯಂ ಅಲ್ಲ. ಚಹಾದ ಹುಡುಗನನ್ನು, ಅಕ್ಕಪಕ್ಕದವರನ್ನು ಕೇಳಿದೆ, ಗೊತ್ತಿಲ್ಲ. ಒಡೆಯರು ಸಿಗದಿದ್ದರೆ ಶಕ್ತಿಮೀರಿ ಹುಡುಕಿ ಬಡವರಿಗೆ ದಾನ ಮಾಡಬಹುದೆಂದು ತೋಮಸರು ಹೇಳಿರುವುದು ನೆನಪಾಯಿತು. ಮಾರಾಟದ ನಿಧಿಗೇ ಸೇರಿಸಿಬಿಡಲೇ ಎಂದು ಗೆಳೆಯರನ್ನು ಕೇಳಿದೆ. "ಇರಿ ಫಾದರ್. ಗಡಿಯಾರ, ಕೋಲು ಅವತ್ತು ಮಾರಾಟವಾಗಿರಲಿಲ್ಲ. ಬರ್ತಾರೆ" ಎಂದರು. ದೇವಾಲಯದ ಅಂಗಳದ ಮಾರಾಟ ಆಗಸ್ಟಿನಲ್ಲಿ ಚೆನ್ನಾಗಿಯೇ ನಡೆಯಿತು. ಎರಡು ಮಿಕ್ಸಿಗಳು ವಾರದೊಳಗೆ ವಾಪಸು ಬಂದವು, ಹಣ ಹಿಂದಿರುಗಿಸಿದೆವು. ಹೊಲಿಗೆ ಯಂತ್ರವನ್ನು ಕೊಂಡವರು ಈಗಲೂ ಅದರಲ್ಲೇ ಪೀಠಬಾಲಕರ ಅಂಗಿಗಳನ್ನು ಹೊಲಿದುಕೊಡುತ್ತಾರೆ.

ಅಕ್ಟೋಬರಿನ ಒಂದು ಭಾನುವಾರ ಆರು ಗಂಟೆಗೆ ಗೆಳೆಯರ ಫೋನು ಬಂತು. ಯುವಕನೊಬ್ಬನ ಬೈಕಿನ ಹಿಂದೆ ಕುಳಿತು ಹೋದೆ. ಅದೇ ಸೀರೆ, ಅದೇ ಗೋಡೆ ಗಡಿಯಾರ. ಪುಸ್ತಕಗಳಿರಲಿಲ್ಲ. ನಾನು ಯಾರೆಂದು ಹೇಳಿ, ಆ ದಿನ ಪುಸ್ತಕದ ಬೆಲೆ ಗೊತ್ತಿದ್ದೂ ಮುಚ್ಚಿಟ್ಟು ಕೊಂಡೆ, ತಪ್ಪಾಯಿತು ಎಂದೆ. ಹೇಳಲು ಎಷ್ಟೋ ಸಲ ಮನಸ್ಸಿನಲ್ಲೇ ಅಭ್ಯಾಸ ಮಾಡಿಕೊಂಡಿದ್ದರೂ ಮಾತು ಸರಾಗವಾಗಿ ಬರಲಿಲ್ಲ. ಪಾಪನಿವೇದನೆಯ ಪೀಠದಲ್ಲಿ ಇನ್ನೊಂದು ಬದಿಯಲ್ಲಿ ಮಂಡಿಯೂರುವವರಿಗೆ ಹೇಗಿರುತ್ತದೆಂಬುದು, ನಾನೂ ನಿವೇದನೆ ಮಾಡುವವನಾದರೂ, ಅಷ್ಟು ಚೆನ್ನಾಗಿ ಎಂದೂ ತಿಳಿದಿರಲಿಲ್ಲ.

"ಎಷ್ಟಂತೆ ಅದಕ್ಕೆ?" ಎಂದರು.

"ಎಂಟು ಸಾವಿರ."

ಅವರು ಬಹಳ ಹೊತ್ತು ಸುಮ್ಮನಿದ್ದರು. ಬೈಯುತ್ತಾರೆಂದುಕೊಂಡೆ.

"ಈ ಮನೇಲಿರೋ ಸಾಮಾನೆಲ್ಲ ಒಂದು ತೂಕ, ಈ ಪುಸ್ತಕ ಒಂದು ತೂಕ ಅಂತಿದ್ರು. ನಾನು ನಗ್ತಿದ್ದೆ. ಸಾಯೋವರೆಗೂ ನಗ್ತಿದ್ದೆ ಸ್ವಾಮಿ. ಹಾಗಾದ್ರೆ ಅವರು ಹೇಳಿದ್ದು ನಿಜ."

ಪುಸ್ತಕವನ್ನೇ ತಂದುಕೊಡಲೇ ಎಂದು ಕೇಳಿದೆ. ಕೇಳುವಾಗ ಬೇಡವೆನ್ನಲಿ ಎಂದು ಒಳಗೊಳಗೆ ಹಾರೈಸುತ್ತಿದ್ದೆನೆಂಬುದನ್ನೂ ಬಚ್ಚಿಡಲಾರೆ. ಬೇಡ, ಓದುವವರ ಹತ್ತಿರ ಇರಲಿ, ಮನೆಯ ಬಾಡಿಗೆ ಕಟ್ಟಬೇಕಾಗಿದೆ ಎಂದರು. ಆದರೆ ಒಂದು ಸಲ ನೋಡಬೇಕೆಂದರು. ಅಂಚುಗಳಲ್ಲಿ ಅವರ ಯಜಮಾನರು ಪೆನ್ಸಿಲಿನಲ್ಲಿ ಬರೆದ ಟಿಪ್ಪಣಿಗಳಿವೆ. ಅಷ್ಟು ದಿನಗಳಲ್ಲಿ ಅವುಗಳನ್ನೆಲ್ಲ ನಾನು ಓದಿದ್ದೆ. ಮುಂದಿನ ವಾರ ತರುವೆನೆಂದು ಮಾತುಕೊಟ್ಟೆ.

ಲಕೋಟೆ ತೆಗೆದುಕೊಂಡು ಅವರು ನೋಟುಗಳನ್ನು ಎರಡು ಸಲ ಎಣಿಸಿದರು. ಆಮೇಲೆ ಸೆರಗಿನ ಗಂಟು ಬಿಚ್ಚಿ, ಮಡಿಸಿಟ್ಟಿದ್ದ ಒಂದು ನೂರರ ನೋಟು, ಎರಡು ಹತ್ತರ ನೋಟುಗಳನ್ನು ತೆಗೆದು ನನ್ನ ಕೈಗಿತ್ತರು.

"ಇದು ಯಾಕಮ್ಮ?"

"ಅವತ್ತು ಕೊಟ್ಟಿದ್ರಲ್ಲ" ಎಂದರು.

ಪಕ್ಕದಲ್ಲಿ ಗೆಳೆಯರು ಗೋಡೆ ಗಡಿಯಾರವನ್ನು ಕಿವಿಗೆ ಹಿಡಿದು ಕೇಳುತ್ತಿದ್ದರು. ಅದು ಎಷ್ಟಮ್ಮ ಎಂದು ವಿಚಾರಿಸಿ, ಹೇಳಿದ ಬೆಲೆಯನ್ನು ಕೊಟ್ಟು, ಚೀಲಕ್ಕೆ ಹಾಕಿಕೊಂಡರು. ಗಂಟೆ ಎಂಟಾಗಿತ್ತು. ಒಂಬತ್ತರ ಪೂಜೆಗೆ ಹೊರಡಬೇಕಾಗಿತ್ತು.